ಗ್ರೀನ್‌ವಿಚ್‌ನ ಕಂದು ಕಡಲು

ಇಪ್ಪತ್ತೆಂಟು ವರ್ಷ ಮಕ್ಕಳಿಗೆ ‘ಗ್ರೀನ್‌ವಿಚ್’ ಎಂದು ಪಾಠ ಹೇಳಿದವನು ನಾನು. ಆ ಊರಿಗೆ ಹೋದ ಮೇಲೆಯೇ ತಿಳಿದದ್ದು, ಅಲ್ಲಿಯವರು ಅದನ್ನು ‘ಗ್ರೆನಿಚ್’ ಎನ್ನುತ್ತಾರೆಂದು. ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದಾಗ ಸೊನ್ನೆ ರೇಖಾಂಶದ ಗೆರೆಯನ್ನು ಕಣ್ಣಾರೆ ಕಾಣುವ ಆಸೆಯಿಂದ ಒಂದು ಬೆಳಿಗ್ಗೆ ಹೊರಟೆವು. ಗುಡ್ಡ ಹತ್ತಿ, ಎಲ್ಲರಂತೆ ನಾನೂ ಗೆರೆಯ ಆಚೆ ಈಚೆ ಕಾಲಿಟ್ಟು ಫೋಟೊ ತೆಗೆಸಿಕೊಂಡದ್ದಾಯಿತು. ಇಳಿದು ಬರುವಾಗ ಸಣ್ಣಗೆ ಮಳೆ ಹನಿಯಿತು. ಗುಡ್ಡದ ಬುಡದಲ್ಲಿ ಒಂದು ಬಿಳಿಯ ಕಟ್ಟಡ. ಒಳಗೆ ಹೋಗಲು ಶುಲ್ಕವಿಲ್ಲ ಎಂದು ಮಗಳು ಹೇಳಿದಳು. ಮಳೆ ನಿಲ್ಲುವವರೆಗೆ ಎಂದುಕೊಂಡು ಒಳಹೊಕ್ಕವರು ಮಧ್ಯಾಹ್ನದವರೆಗೂ ಹೊರಬರಲಿಲ್ಲ.

ಅದು ‘ಕ್ವೀನ್ಸ್ ಹೌಸ್’. ಇನಿಗೊ ಜೋನ್ಸ್ ಎಂಬ ವಾಸ್ತುಶಿಲ್ಪಿ 1616ರಲ್ಲಿ ಆರಂಭಿಸಿದ ರಾಣಿವಾಸ. ಈಗ ಅಲ್ಲಿ ಚಿತ್ರಗಳಿವೆ. ಬಹಳಷ್ಟು ಕಡಲಿನ ಚಿತ್ರಗಳೇ. ಇಂಥವಕ್ಕೆ ಹಳೆಯ ಇಂಗ್ಲಿಷಿನಲ್ಲಿ ‘ಸೀ-ಪೀಸ್’ ಎಂಬ ಹೆಸರಿತ್ತು. ಡಚ್ಚರ ‘ಜೇಸ್ಟುಕ್’ ಪದಕ್ಕೂ ಅಕ್ಷರಶಃ ಅದೇ ಅರ್ಥ: ಕಡಲಿನ ತುಣುಕು. ಇಂದು ಬಳಕೆಯಲ್ಲಿರುವ ‘ಸೀಸ್ಕೇಪ್’ ಹುಟ್ಟಿದ್ದು 18ನೇ ಶತಮಾನದ ಕೊನೆಗೆ. ಆಮೇಲೆ ಹಳೆಯ ಪದ ಮೂಲೆ ಸೇರಿತು.

ಇದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಡಚ್ ತಂದೆ-ಮಗ ಕೆಲಸ ಮಾಡುತ್ತಿದ್ದರು. ಇಬ್ಬರ ಹೆಸರೂ ವಿಲೆಮ್ ಫಾನ್ ಡೆ ವೆಲ್ಡೆ. ತಮ್ಮ ದೇಶಕ್ಕೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿರುವಾಗಲೇ, 1672-73ರ ಚಳಿಗಾಲದಲ್ಲಿ, ಅವರು ಇಂಗ್ಲೆಂಡಿಗೆ ಬಂದರು. ದೊರೆ ಎರಡನೇ ಚಾರ್ಲ್ಸ್ 1674ರಲ್ಲಿ ತಲಾ 100 ಪೌಂಡ್ ವರ್ಷಾಶನ ಗೊತ್ತುಮಾಡಿದ. ತಂದೆ ನೌಕಾಯುದ್ಧಗಳನ್ನು ರೇಖೆಯಲ್ಲಿ ಬರೆಯಬೇಕು, ಮಗ ಅವಕ್ಕೆ ಬಣ್ಣ ತುಂಬಬೇಕು ಎಂಬ ಕರಾರು.

ತಂದೆ ದಡದಲ್ಲಿ ಕುಳಿತು ಕಲ್ಪಿಸಿಕೊಂಡು ಬರೆದವನಲ್ಲ. 1666ರಲ್ಲಿ ನಾಲ್ಕು ದಿನ ನಡೆದ ಸಮುದ್ರ ಕಾಳಗದಲ್ಲಿ ಡಚ್ ನೌಕಾಪಡೆಯ ಜೊತೆ ಸಣ್ಣ ಹಡಗಿನಲ್ಲಿದ್ದು, ಕಂಡದ್ದನ್ನು ಕಾಗದಕ್ಕಿಳಿಸಿದವನು. ಪಟ ಎತ್ತ ವಾಲಿತ್ತು, ಹೊಗೆ ಯಾವ ಕಡೆ ಹೋಯಿತು ಎಂಬುದೆಲ್ಲ ಅವನಿಗೆ ಲೆಕ್ಕ. ವಿಜ್ಞಾನದ ಮಾಸ್ತರನಾದ ನನಗೆ ಅದೊಂದು ಪ್ರಯೋಗದ ದಾಖಲೆಯಂತೆಯೇ ಕಂಡಿತು. ಇಂಗ್ಲಿಷರ ಕಡಲ ಚಿತ್ರಕಲೆ ಬೆಳೆದದ್ದು ಈ ತಂದೆ-ಮಗನಿಂದಲೇ. ಟರ್ನರ್ 1801ರಲ್ಲಿ ಮಗ ವಿಲೆಮ್‌ನ ಚಿತ್ರವೊಂದಕ್ಕೆ ಜೋಡಿಯಾಗಿ ಬರೆದ ಬಿರುಗಾಳಿಯ ಚಿತ್ರ ಇಂದಿಗೂ ‘ಬ್ರಿಜ್‌ವಾಟರ್ ಸೀ ಪೀಸ್’ ಎಂದೇ ಪ್ರಸಿದ್ಧ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ನೀರಿನ ಬಣ್ಣ. ಮಗ ವಿಲೆಮ್‌ನ ಕಡಲು ನೀಲಿಯಲ್ಲ. ಬೂದಿ, ಹಸಿರುಗಪ್ಪು, ಕೆಲವೆಡೆ ಕಂದು. ಕಾರಣ ಗೊತ್ತಿರುವುದೇ. ಆಳದ ಶುಭ್ರ ನೀರು ಕೆಂಪು ಬೆಳಕನ್ನು ಹೀರಿಕೊಂಡು ನೀಲಿಯಾಗಿ ಕಾಣುತ್ತದೆ. ಡಚ್ ಕರಾವಳಿಯ ಆಳವಿಲ್ಲದ, ಹೂಳು ಬೆರೆತ ನೀರು ಮೋಡದ ಕೆಳಗೆ ಹಾಗೆ ಕಾಣದು.

ಆಗ ಒಬ್ಬ ಹುಡುಗ ನೆನಪಾದ. ನಾನು ನೌಕರಿಗೆ ಸೇರಿದ ಹೊಸತು, ಕುಮಟೆಯ ಕಡೆಯ ಶಾಲೆ. ಜಲಚಕ್ರದ ಚಿತ್ರ ಬರೆಯಲು ಹೇಳಿದ್ದೆ. ಮೀನುಗಾರರ ಮನೆಯ ಆ ಹುಡುಗ ಸಮುದ್ರಕ್ಕೆ ಕಂದು ಬಣ್ಣ ಬಳಿದು, ಮೇಲೊಂದು ವಾಲಿದ ದೋಣಿ ಬರೆದಿದ್ದ. “ಸಮುದ್ರ ಎಲ್ಲಾದರೂ ಕಂದು ಇರುತ್ತದೆಯೇನೋ?” ಎಂದು ಕೆಂಪು ಶಾಯಿಯಲ್ಲಿ ಗೀಟು ಎಳೆದು ಅರ್ಧ ಅಂಕ ಕಳೆದೆ. “ಮಳೆಗಾಲದಲ್ಲಿ ನೀಲಿ ಇರೂದಿಲ್ಲ ಸರ್” ಎಂದ. ಎದುರುತ್ತರ ಬೇಡ ಎಂದು ಕೂರಿಸಿದೆ. ಅಘನಾಶಿನಿ ಮಳೆಗಾಲದಲ್ಲಿ ಘಟ್ಟದ ಮಣ್ಣನ್ನೆಲ್ಲ ಹೊತ್ತು ಕಡಲು ಸೇರುವುದನ್ನು ಅವನು ದಿನವೂ ನೋಡುತ್ತಿದ್ದ. ಬಯಲುಸೀಮೆಯ ನಾನು ನೋಡಿದ್ದು ಪಠ್ಯಪುಸ್ತಕದ ನೀಲಿಯನ್ನು. ಮುಂದಿನ ಚಿತ್ರಗಳಿಗೆಲ್ಲ ಅವನು ನೀಲಿಯನ್ನೇ ಬಳಿದ. ನಾನು ಪೂರ್ಣ ಅಂಕ ಕೊಟ್ಟೆ.

“ಏನಪ್ಪಾ, ಅಷ್ಟು ಹೊತ್ತು ಒಂದೇ ಚಿತ್ರದ ಮುಂದೆ?” ಎಂದು ಮಗಳು ಕೇಳಿದಳು. ಹೇಳಲಿಲ್ಲ. ಹೊರಬಂದಾಗ ಮಳೆ ನಿಂತಿತ್ತು. ಎದುರಿಗೆ ಥೇಮ್ಸ್ ನದಿ, ಅಪ್ಪಟ ಕಂದು ಬಣ್ಣದಲ್ಲಿ, ಕಡಲಿನತ್ತ ಹರಿಯುತ್ತಿತ್ತು. ಊರಿಗೆ ಮರಳಿದ ಮೇಲೆ ಜಲಚಕ್ರದ ಪಾಠ ಬಂದಾಗ, ಸಮುದ್ರಕ್ಕೆ ಯಾವ ಬಣ್ಣ ಎಂದು ಈಗ ನಾನು ಹೇಳುವುದಿಲ್ಲ. ನೋಡಿದವರು ಯಾರು ಎಂದು ಮೊದಲು ಕೇಳುತ್ತೇನೆ.