ಪಂಖದ ಆಯ

ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಆದದ್ದು 2019ರ ನವೆಂಬರಿನಲ್ಲಿ. ಆಮೇಲೆ ಹಾರಾಟ ಕಲಿಯುವ ಹುಡುಗರೂ ಬಂದರು, ತೊಗರಿ ಹೊಲಗಳ ಮೇಲೆ ಸಣ್ಣ ವಿಮಾನಗಳು ಗುಂಯ್‌ಗುಟ್ಟತೊಡಗಿದವು. ಕಿಣ್ಣಿ ಸುಲ್ತಾನದ ನಮ್ಮ ಓಣಿಯ ಮುತ್ಯಾನಿಗೆ ದೊಡ್ಡ ವಿಮಾನದ ಗೊಡವೆ ಇಲ್ಲ. ಎಲ್ಲಿಗೂ ಹೋಗದೆ ಸುತ್ತಿ ಸುತ್ತಿ ಮನೆಗೇ ಮರಳುವ ಸಣ್ಣದರ ಮೇಲೆ ಮಾತ್ರ ಅಕ್ಕರೆ. ಬೆಂಗಳೂರಿನಲ್ಲಿ ನಾನು ಇಂಥವನ್ನು ಬಿಚ್ಚಿ ಕೂಡಿಸುವವನೆಂದು ತಿಳಿದ ಮೇಲಂತೂ, ಊರಿಗೆ ಬಂದಾಗಲೆಲ್ಲ ಕಟ್ಟೆಯ ಮೇಲೆ ಸರಿದು ಜಾಗ ಮಾಡಿಕೊಡುತ್ತಾನೆ.

“ತಮ್ಮಾ, ಆ ಮುಂದಿನ ಪಂಖಾ ಎಷ್ಟ ದಿನಕ್ಕೊಮ್ಮಿ ರಿಪೇರಿ ಮಾಡ್ತೀರಿ?”

ಹಾರಾಟ ಕಲಿಸುವ ಸಣ್ಣ ಸೆಸ್ನಾ ವಿಮಾನದ ಮೂತಿಗೆ ಸಾಮಾನ್ಯವಾಗಿ ಇರುವುದು ಮೆಕಾಲಿ ಕಂಪನಿಯ ಅಲ್ಯುಮಿನಿಯಂ ಪಂಖ. ಅವರ ಕಟ್ಟಳೆಯ ಪ್ರಕಾರ 2000 ಗಂಟೆ ತಿರುಗಿದರೆ, ಇಲ್ಲವೇ 72 ತಿಂಗಳು ತುಂಬಿದರೆ ಓವರ್‌ಹಾಲ್, ಯಾವುದು ಮೊದಲೋ ಅದು. ತರಬೇತಿ ಶಾಲೆಯಲ್ಲಿ ಗಂಟೆಗಳೇ ಮೊದಲು ಮುಗಿಯುತ್ತವೆ. ವರ್ಷಕ್ಕೆ ಎಂಬತ್ತು ಗಂಟೆ ಹಾರಿಸುವ ಶೋಕಿಯ ಮಾಲೀಕನಿಗೆ ಆರು ವರ್ಷಕ್ಕೆ ಐನೂರೂ ದಾಟಿರುವುದಿಲ್ಲ, ಆದರೂ ಬಿಚ್ಚಲೇಬೇಕು.

“ತಿರುಗಲಾರದೇ ನಿಂತದ್ದಕ್ಕೂ ರೊಕ್ಕ?” ಮುತ್ಯಾನ ಮುಖ ಕೆಂಪಾಯಿತು.

ನಿಂತದ್ದಕ್ಕೇ ಹೆಚ್ಚು ಅಂದೆ. ಹಾರುತ್ತಲೇ ಅಲಗಿನ ಕೋನ ಬದಲಿಸುವ ಜಾತಿಯ ಪಂಖವಾದರೆ ಒಳಗೆ ಗ್ರೀಸು ಇದೆ, ರಬ್ಬರಿನ ಉಂಗುರಗಳಿವೆ. ಕೆಲಸವಿಲ್ಲದೆ ಕೂತರೆ ಗ್ರೀಸು ಒಂದೆಡೆ ಇಳಿದು ಗಟ್ಟಿಯಾಗುತ್ತದೆ, ಉಂಗುರ ಬಿರುಸಾಗುತ್ತದೆ, ಎಲ್ಲಿಂದಲೋ ಸೇರಿದ ತೇವ ಲೋಹವನ್ನು ಮೆಲ್ಲಗೆ ತಿನ್ನುತ್ತದೆ. ಮುತ್ಯಾ ತನ್ನ ಮೊಣಕಾಲನ್ನೊಮ್ಮೆ ನೀವಿಕೊಂಡು, “ಹೂಂ, ಮುಂದ ಹೇಳು” ಅಂದ. ಅವನೂ ಒಕ್ಕಲುತನ ಬಿಟ್ಟು ಕೂತು ಬಹಳ ಕಾಲವಾಗಿತ್ತು.

ಮುಂದಿನದು ಖರ್ಚಿನ ಮಾತು. ಅಮೆರಿಕದ ವರ್ಕ್‌ಶಾಪುಗಳ ದರ ಹಿಡಿದರೆ ಒಂದೇ ತುಂಡಿನ ಸಾದಾ ಪಂಖಕ್ಕೆ ಲಕ್ಷದ ಆಸುಪಾಸು, ಕೋನ ಬದಲಿಸುವುದಕ್ಕೆ ಎರಡು–ಮೂರು ಲಕ್ಷ. ಹೋಗಿ ಬರಲು ಎರಡು ಮೂರು ವಾರ, ಅಲ್ಲಿ ಸರತಿ ಇದ್ದರೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ವಿಮಾನ ಮೂಗಿಲ್ಲದೆ ನಿಂತಿರಬೇಕು. ಅದಕ್ಕೇ ಜಾಣ ಮಾಲೀಕರು ಇದನ್ನು ವಾರ್ಷಿಕ ತಪಾಸಣೆಗೋ ಎಂಜಿನ್ ಕೆಲಸಕ್ಕೋ ಜೋಡಿಸಿಕೊಳ್ಳುತ್ತಾರೆ. ಹೇಗೂ ಹಾರಲಾಗದ ಮಳೆಗಾಲ ಇನ್ನೂ ಒಳ್ಳೆಯದು. ಮುತ್ಯಾ ಬೆರಳು ಮಡಚಿ, ಮೂರು ಲಕ್ಷಕ್ಕೆ 2024–25ರ ಬೆಂಬಲ ಬೆಲೆ 7550ರಂತೆ ಹಾಕಿ, “ನಲವತ್ತು ಕ್ವಿಂಟಲ್ ತೊಗರಿ!” ಎಂದು ಘೋಷಿಸಿದ. ನಾನು ಮೊಬೈಲಿನಲ್ಲಿ ಒತ್ತಿ ನೋಡಿದೆ, ಲೆಕ್ಕ ಸರಿಯಾಗಿತ್ತು.

ಅಲ್ಲಿಗೆ ಲೆಕ್ಕ ಮುಗಿಯಿತೆನ್ನುವಂತಿಲ್ಲ. ಈ ಪಂಖದ ತುದಿ ಪೂರ್ತಿ ವೇಗದಲ್ಲಿ ಗಂಟೆಗೆ 950 ಕಿಲೋಮೀಟರಿಗೂ ಮಿಕ್ಕಿ ಓಡುತ್ತದೆ. ರನ್‌ವೇಯ ಒಂದು ಹರಳು ಬಡಿದು ಅಂಚು ಕಚ್ಚಾದರೆ ಅಲ್ಲಿಂದಲೇ ಬಿರುಕು ಹೊರಡಬಹುದು. ಆದ್ದರಿಂದ ಅರದಿಂದ ತೀಡಿ ನುಣ್ಣಗೆ ಮಾಡುತ್ತೇವೆ. ಓವರ್‌ಹಾಲಿನಲ್ಲಿ ಬಣ್ಣ ಕಿತ್ತು, ಮೈಯನ್ನೆಲ್ಲ ಉಜ್ಜಿ, ಬಿರುಕು ಹುಡುಕಿ, ಅಗಲ ದಪ್ಪ ಅಳೆಯುತ್ತಾರೆ. ಪ್ರತಿ ಸಲವೂ ಒಂದಿಷ್ಟು ಲೋಹ ಹೋಗುತ್ತದೆ. ಅಳತೆ ಕಟ್ಟಳೆಗಿಂತ ಕೂದಲೆಳೆ ಕಡಿಮೆಯಾದರೂ ಅಲಗು ಗುಜರಿಗೆ. ಆಗ ವರ್ಕ್‌ಶಾಪಿನಿಂದ ಫೋನ್ ಬರುತ್ತದೆ. ಆ ದನಿಯ ಮೃದುತ್ವದಿಂದಲೇ ಖರ್ಚು ಎಷ್ಟು ಏರಿದೆಯೆಂದು ಊಹಿಸುವ ಮಾಲೀಕರನ್ನು ನೋಡಿದ್ದೇನೆ.

ಇಷ್ಟು ಹೇಳುವಷ್ಟರಲ್ಲಿ ಮುತ್ಯಾನ ಸಿಟ್ಟು ಇಳಿದಿತ್ತು. “ಕುಡ ಹಣಸಿದಂಗ ಆಯ್ತು ಬಿಡು” ಅಂದ. ನೇಗಿಲ ಕುಡವೂ ಹಾಗೆಯೇ, ಕಂಬಾರನ ಕುಲುಮೆಗೆ ಹೋಗಿ ಬಂದಷ್ಟೂ ಚೂಪು, ಬಂದಷ್ಟೂ ಗಿಡ್ಡ. ಕಂಬಾರನಿಗೆ ಸಲಕ್ಕಿಷ್ಟು ಎಂಬ ಲೆಕ್ಕವಿರಲಿಲ್ಲ. ರಾಶಿಯ ಕಾಲಕ್ಕೆ ಕಣಕ್ಕೆ ಬಂದು ಜೋಳದ ಆಯ ಅಳೆಸಿಕೊಂಡು ಹೋಗುತ್ತಿದ್ದ. ಮಳೆ ಕೈಕೊಟ್ಟು ನೇಗಿಲು ಅಟ್ಟದಲ್ಲೇ ಉಳಿದ ವರ್ಷವೂ ಆಯ ತಪ್ಪುತ್ತಿರಲಿಲ್ಲ.

“ನಿಂತ ವರ್ಷಾನೂ ಕೊಡ್ತಿದ್ರ್ಯಾ ಹಂಗಾರ?” ನಾನು ಕೆಣಕಿದೆ.

“ಕೊಡಲಾರದೇ? ಮುಂದಿನ ವರ್ಷ ಅವ ಇರಬೇಕಲ್ಲೋ!”

ಟ್ರ್ಯಾಕ್ಟರ್ ಬಂದ ಮೇಲೆ ಕುಡದ ಕೆಲಸ ನಿಂತಿತು, ಆಯವೂ ನಿಂತಿತು. ಕಂಬಾರನ ಮಕ್ಕಳು ಪುಣೆಯ ದಾರಿ ಹಿಡಿದರು. ಮುತ್ಯಾ ತಂಬಾಕು ತಿಕ್ಕುತ್ತ ಕೊಂಚ ಹೊತ್ತು ಮನಸ್ಸಿನಲ್ಲೇ ಚೌಕಾಸಿ ನಡೆಸಿದ.

“ಅವ ಇದ್ದಿದ್ದರ, ನಿನ್ನ ಪಂಖಾ ಎರಡು ಚೀಲ ಜ್ವಾಳದಾಗ ಮಾಡಿ ಕೊಡ್ತಿದ್ದ ನೋಡು,” ಅಂದ. “ಅದೂ ಸಂಜಿಮುಂದ ಬಾ ಅಂತಿದ್ದ. ಮೂರು ವಾರ ಯಾರು ಕಾಯ್ತಾರ?”