ಕವಡಿ ಇಲ್ಲದ ಆಟ

ಯರಗುಪ್ಪಿ, ಕುಂದಗೋಳ ತಾಲೂಕು

ಅಕ್ಕಾ,

ಪತ್ರಿಕೆಯಿಂದ ಕತ್ತರಿಸಿ ನೀವು ಕಳಿಸಿದ ಸುಡೊಕು ಕೈಸೇರಿತು. ಅರ್ಧಕ್ಕಿಂತ ಹೆಚ್ಚು ಮನೆಗಳನ್ನು ಸರಿಯಾಗಿಯೇ ತುಂಬಿದ್ದೀರಿ. ಆಮೇಲೆ ಪೆನ್ಸಿಲ್ಲು ನಿಂತುಬಿಟ್ಟಿದೆ. ಬಲಗಡೆಯ ಕೆಳಮೂಲೆಯಲ್ಲಿ 4 ಬರೆದು ಅಳಿಸಿ, 9 ಬರೆದು ಅದನ್ನೂ ಅಳಿಸಿದ ಗುರುತು ಕಾಣುತ್ತದೆ. ಜೊತೆಗಿಟ್ಟ ಚೀಟಿಯಲ್ಲಿ ಒಂದೇ ಪ್ರಶ್ನೆ: "ಇಲ್ಲಿಂದ ಮುಂದ ಊಹೆ ಮಾಡಲೇಬೇಕೇನು?"

ಬ್ಯಾಡ್ರಿ ಅಕ್ಕಾ, ಖಂಡಿತ ಬ್ಯಾಡ. ಮಳೆ ಹಿಡಿದುಕೊಂಡಿದೆ, ಎರಿ ಹೊಲದಲ್ಲಿ ಕಾಲಿಡುವ ಹಾಗಿಲ್ಲ. ಪುರಸೊತ್ತು ಇರುವುದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನಮ್ಮ ಕಡೆ ಕಟ್ಟೆಯ ಮೇಲೆ ಚೌಕಾಬಾರಾ ಆಡುವಾಗ ಕವಡಿ ಬಿದ್ದ ಹಾಗೆ ಕಾಯಿ ನಡೆಸಬೇಕು. ಸುಡೊಕುವಿನಲ್ಲಿ ಕವಡಿಯೇ ಇಲ್ಲ. ಸರಿಯಾಗಿ ಕಟ್ಟಿದ ಸುಡೊಕುವಿಗೆ ಉತ್ತರ ಒಂದೇ, ಮತ್ತು ಪ್ರತಿ ಅಂಕಿ ಅಲ್ಲೇ ಯಾಕೆ ಕೂತಿತು ಎನ್ನುವುದಕ್ಕೆ ಕಾರಣ ಇದ್ದೇ ಇರುತ್ತದೆ. ಊಹೆ ಮಾಡಿದರೆ ಉತ್ತರ ಸಿಕ್ಕೀತು, ಕಾರಣ ಸಿಗುವುದಿಲ್ಲ. ನನಗೆ ಈ ಆಟದ ಮೇಲೆ ಇಷ್ಟು ಮೋಹ ಹುಟ್ಟಿದ್ದೇ ಆ ಕಾರಣಗಳಿಂದ.

ಸುಲಭದ ಸುಡೊಕು "ಈ ಅಂಕಿ ಎಲ್ಲಿ ಕೂರುತ್ತದೆ?" ಎಂದು ಕೇಳುತ್ತದೆ. ಕಠಿಣದ್ದು "ಎಲ್ಲಿ ಕೂರಲಾರದು?" ಎಂದು ಕೇಳುತ್ತದೆ. ನೀವು ನಿಂತಿರುವುದು ಈ ಎರಡು ಪ್ರಶ್ನೆಗಳ ನಡುವಿನ ಹೊಸ್ತಿಲ ಮೇಲೆ. ಇನ್ನು ಮುಂದೆ ಎಷ್ಟೋ ಹೊತ್ತು ಒಂದಂಕಿಯನ್ನೂ ತುಂಬದೆ ಬರೀ ಅಳಿಸುತ್ತಾ ಹೋಗಬೇಕಾಗುತ್ತದೆ. ಹಾಗಾಗಿ ಮೊದಲ ಕೆಲಸ, ಖಾಲಿ ಇರುವ ಪ್ರತಿ ಮನೆಯಲ್ಲೂ ಅಲ್ಲಿಗೆ ಬರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರೆದುಕೊಳ್ಳುವುದು. ನಾನು ಅವನ್ನು ಉಮೇದುವಾರರು ಅನ್ನುತ್ತೇನೆ. ಪತ್ರಿಕೆಯ ಮನೆಗಳು ಇದಕ್ಕೆ ಸಾಲವು, ನೋಟ್‌ಬುಕ್ಕಿನ ಹಾಳೆಯಲ್ಲಿ ದೊಡ್ಡದಾಗಿ ಗೆರೆ ಹಾಕಿಕೊಳ್ಳಿ. ಬೇಸರದ ಕೆಲಸ ಅನ್ನಿಸುತ್ತದೆ, ಆದರೆ ಇದನ್ನು ಬಿಟ್ಟು ಕಠಿಣ ಸುಡೊಕುವಿಗೆ ಕೈಹಾಕಬೇಡಿ.

ಬರೆದಾದ ಮೇಲೆ ಹಾಳೆಯನ್ನು ಎರಡು ಕಡೆಯಿಂದ ಓದಬೇಕು. ಮನೆಯ ಕಡೆಯಿಂದ ನೋಡಿದರೆ, ಇಲ್ಲಿಗೆ ಯಾರು ಯಾರು ಬರಬಹುದು? ಅಂಕಿಯ ಕಡೆಯಿಂದ ನೋಡಿದರೆ, ನನಗೆ ಎಲ್ಲೆಲ್ಲಿ ಜಾಗವಿದೆ? ಒಂದು ಚೌಕದ ಎರಡು ಮನೆಗಳಲ್ಲಿ 3 ಮತ್ತು 8 ಮಾತ್ರ ಉಳಿದಿದ್ದರೆ ಆ ಚೌಕದ ಬೇರೆ ಮನೆಗಳಲ್ಲಿ 3, 8 ಅಳಿಸಬಹುದು. ಇದು ನಿಮಗೆ ಗೊತ್ತೇ ಇದೆ. ಇದರದೇ ಇನ್ನೊಂದು ಮುಖ ಕಣ್ಣಿಗೆ ಬೇಗ ಬೀಳುವುದಿಲ್ಲ. ಒಂದು ಅಡ್ಡಸಾಲಿನಲ್ಲಿ 2ಕ್ಕೂ 6ಕ್ಕೂ ಅವೇ ಎರಡು ಮನೆ ಬಿಟ್ಟರೆ ಬೇರೆ ಜಾಗವಿಲ್ಲ ಎಂದುಕೊಳ್ಳಿ. ಆ ಮನೆಗಳಲ್ಲಿ 1, 5, 8 ಕೂಡ ಗುಂಪಾಗಿ ಕೂತಿರಬಹುದು. ಆದರೂ ಆ ಎರಡು ಮನೆ 2 ಮತ್ತು 6ಕ್ಕೇ ಮೀಸಲು, 1, 5, 8 ಹೊರಗೆ ಹೋಗಬೇಕು. ಮನೆಗಳನ್ನಷ್ಟೇ ನೋಡುತ್ತಾ ಕೂತವರಿಗೆ ಈ ಜೋಡಿ ಕಾಣುವುದೇ ಇಲ್ಲ.

ಈಗ ನಿಮ್ಮ ಮೂಲೆಯ ಮನೆಗೆ ಬರೋಣ. ಅಲ್ಲಿ ಉಳಿದ ಉಮೇದುವಾರರು 4 ಮತ್ತು 9. ಸುತ್ತಲಿನ ಸಾಲು, ಚೌಕ ನೋಡಿದರೆ ಯಾವುದೂ ತೀರ್ಮಾನವಾಗುವುದಿಲ್ಲ, ನೀವು ಸೋತದ್ದು ಅಲ್ಲೇ. ಆದರೆ 4ರ ಕಡೆಯಿಂದ ಇಡೀ ಹಾಳೆಯನ್ನು ಓದಿ ನೋಡ್ರಿ. ಮೂರನೇ ಅಡ್ಡಸಾಲಿನಲ್ಲಿ 4ಕ್ಕೆ ಜಾಗ ಇರುವುದು ಐದನೇ ಮತ್ತು ಒಂಬತ್ತನೇ ಕಂಬಸಾಲುಗಳಲ್ಲಿ ಮಾತ್ರ. ಏಳನೇ ಅಡ್ಡಸಾಲಿನಲ್ಲೂ ಅವೇ ಎರಡು ಕಂಬಸಾಲು. ಮೂರನೇ ಸಾಲಿನ 4 ಐದರಲ್ಲಿ ಕೂತರೆ ಏಳನೇ ಸಾಲಿನದು ಒಂಬತ್ತರಲ್ಲಿ ಕೂರಲೇಬೇಕು, ಮೂರನೇ ಸಾಲಿನದು ಒಂಬತ್ತರಲ್ಲಿ ಕೂತರೆ ಏಳನೇ ಸಾಲಿನದು ಐದರಲ್ಲಿ. ಯಾವುದು ಎಂದು ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಹೇಗೆ ಬಂದರೂ ಒಂಬತ್ತನೇ ಕಂಬಸಾಲಿನ 4 ಆ ಎರಡು ಅಡ್ಡಸಾಲುಗಳಲ್ಲೇ ಖರ್ಚಾಗಿಬಿಡುತ್ತದೆ. ಹಾಗಾದರೆ ಅದೇ ಕಂಬಸಾಲಿನ ತಳದಲ್ಲಿರುವ ನಿಮ್ಮ ಮೂಲೆಮನೆಗೆ 4 ಬರಲಾರದು. ಉಳಿಯಿತು 9.

ನಾಲ್ಕು ಮನೆಗಳ ಈ ಕಟ್ಟಿಗೆ ಎಕ್ಸ್-ವಿಂಗ್ ಅನ್ನುತ್ತಾರೆ. ಎರಡರ ಬದಲು ಮೂರು ಅಡ್ಡಸಾಲು, ಮೂರು ಕಂಬಸಾಲು ಸೇರಿದರೆ ಸ್ವೋರ್ಡ್‌ಫಿಶ್. ಅದರಲ್ಲಿ ಒಂದೊಂದು ಅಡ್ಡಸಾಲಿನಲ್ಲೂ ಮೂರೂ ಜಾಗ ಇರಲೇಬೇಕೆಂದಿಲ್ಲ, ಆ ಮೂರು ಕಂಬಸಾಲುಗಳ ಆಚೆಗೆ ಹೋಗದಿದ್ದರೆ ಸಾಕು.

ಎಕ್ಸ್‌ವೈ-ವಿಂಗ್ ಎಂಬುದು ಇನ್ನೂ ಚೆಲುವು. ನಡುವಿನ ಮನೆಯಲ್ಲಿ 2, 6. ಅದರ ಅಡ್ಡಸಾಲಿನ ಒಂದು ಮನೆಯಲ್ಲಿ 2, 1. ಅದರ ಕಂಬಸಾಲಿನ ಒಂದು ಮನೆಯಲ್ಲಿ 6, 1. ನಡುವೆ 2 ಬಂದರೆ ಅಡ್ಡಸಾಲಿನ ಮನೆ 1 ಆಗುತ್ತದೆ. 6 ಬಂದರೆ ಕಂಬಸಾಲಿನ ಮನೆ 1 ಆಗುತ್ತದೆ. ಎರಡರಲ್ಲಿ ಒಂದಾದರೂ 1 ಆಗುವುದು ನಿಶ್ಚಯ, ಆದ್ದರಿಂದ ಆ ಎರಡೂ ಮನೆಗಳ ಸಾಲು ಕೂಡುವಲ್ಲಿ ಇರುವ ಮನೆಗೆ 1 ಬರುವಂತಿಲ್ಲ. "ಇದೂ ಊಹೆಯೇ ಅಲ್ಲವೇ?" ಎಂದು ನೀವು ಕೇಳಬಹುದು. ಅಲ್ಲ. ಊಹೆ ಮಾಡುವವರು ಒಂದು ದಾರಿ ಹಿಡಿದು, ಅದು ಮುಟ್ಟಿಸೀತು ಎಂಬ ಆಸೆಯಲ್ಲಿ ನಡೆಯುತ್ತಾರೆ. ಇಲ್ಲಿ ಎರಡೂ ದಾರಿಗಳನ್ನು ನಡೆದು ನೋಡಿ, ಎರಡರಲ್ಲೂ ಸಿಕ್ಕಿದ್ದನ್ನಷ್ಟೇ ತಗೊಳ್ಳುತ್ತೇವೆ.

ಆಟದ ಹಿನ್ನೆಲೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸುಡೊಕುವನ್ನು ಈಗಿನ ರೂಪಕ್ಕೆ ತಂದವರು ಅಮೆರಿಕದ ಇಂಡಿಯಾನಾದ ಹಾವರ್ಡ್ ಗಾರ್ನ್ಸ್ ಎಂಬ ವಾಸ್ತುಶಿಲ್ಪಿ. 1979ರಲ್ಲಿ ಅಮೆರಿಕದ ಡೆಲ್ ಪ್ರಕಾಶನದ ಪತ್ರಿಕೆಯಲ್ಲಿ ಅಚ್ಚಾಯಿತು. 1984ರಲ್ಲಿ ಜಪಾನಿನ ನಿಕೋಲಿ ಸಂಸ್ಥೆಯ ಮಾಕಿ ಕಾಜಿ ಅದಕ್ಕೆ ಈಗಿನ ಹೆಸರು ಕೊಟ್ಟರು. ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದ ವೇಯ್ನ್ ಗೌಲ್ಡ್ 2004ರಲ್ಲಿ ಲಂಡನ್ನಿನ ಟೈಮ್ಸ್‌ಗೆ ಒಪ್ಪಿಸಿದ ಮೇಲೆ ಜಗತ್ತಿನ ಪತ್ರಿಕೆಗಳೆಲ್ಲ ಹಿಡಿದುಕೊಂಡವು. 2017ರಲ್ಲಿ ವಿಶ್ವ ಸುಡೊಕು ಚಾಂಪಿಯನ್‌ಶಿಪ್ ನಮ್ಮ ಬೆಂಗಳೂರಿನಲ್ಲೇ ನಡೆಯಿತು, ಜಪಾನಿನ ಕೋಟಾ ಮೊರಿನಿಶಿ ಗೆದ್ದರು. ಸ್ಪರ್ಧೆಯಲ್ಲಿ ಗಡಿಯಾರ ಓಡುತ್ತಿರುತ್ತದೆ, ಅಲ್ಲಿ ಯಾರಾದರೂ ಊಹಿಸಿ ಮುಂದೆ ಹೋದರೆ ನಾನು ತಪ್ಪೆನ್ನುವುದಿಲ್ಲ. ನಿಮಗೂ ನನಗೂ ಅಂಥ ಅವಸರವಿಲ್ಲ.

ಮೊದಲೇ ಕೊಟ್ಟ ಅಂಕಿ ಕಡಿಮೆಯಿದ್ದಷ್ಟೂ ಸುಡೊಕು ಕಠಿಣ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದಿರಿ. ಬಹಳ ಜನ ಹಾಗೇ ತಿಳಿದಿದ್ದಾರೆ. ಉತ್ತರ ಒಂದೇ ಇರಬೇಕಾದರೆ ಕನಿಷ್ಠ 17 ಅಂಕಿ ಕೊಟ್ಟಿರಬೇಕು, 16ರಿಂದ ಆಗದು. ಡಬ್ಲಿನ್ನಿನ ಗ್ಯಾರಿ ಮೆಕ್‌ಗೈರ್ ಮತ್ತವರ ಸಂಗಡಿಗರು 2012ರಲ್ಲಿ ಕಂಪ್ಯೂಟರಿನ ಸಹಾಯದಿಂದ ಇದನ್ನು ತೋರಿಸಿಕೊಟ್ಟರು. ಆದರೆ 17 ಅಂಕಿಯ ಎಷ್ಟೋ ಸುಡೊಕುಗಳು ಸರಾಗವಾಗಿ ಬಿಚ್ಚಿಕೊಳ್ಳುತ್ತವೆ. ಫಿನ್ಲೆಂಡಿನ ಗಣಿತಜ್ಞ ಆರ್ಟೊ ಇಂಕಾಲಾ 2012ರಲ್ಲಿ ಕಟ್ಟಿದ, ಅತಿ ಕಠಿಣವೆಂದು ಹೆಸರಾದ ಸುಡೊಕುವಿನಲ್ಲಿ 21 ಅಂಕಿಗಳಿವೆ. ಅದರ ಮುಂದೆ ನಾನು ಹೇಳಿದ ಉಪಾಯಗಳು ಸಾಲವು, ಒಂದರ ಬೆನ್ನಿಗೊಂದು "ಹೀಗಾದರೆ ಹಾಗೆ" ಎಂದು ಉದ್ದನೆಯ ಸರಪಳಿ ಕಟ್ಟಬೇಕು. ಸರಪಳಿ ಅಷ್ಟು ಉದ್ದವಾದಾಗ ತರ್ಕ ಎಲ್ಲಿ ಮುಗಿಯಿತು, ತಡಕಾಟ ಎಲ್ಲಿ ಶುರುವಾಯಿತು ಎಂದು ಬಲ್ಲವರೇ ವಾದ ಮಾಡುತ್ತಾರೆ. ತಲೆಯಲ್ಲಿ ಹಿಡಿಸುವಷ್ಟು ಸರಪಳಿಯನ್ನು ತರ್ಕ ಎಂದು ಒಪ್ಪಿಕೊಳ್ಳುವವನು ನಾನು.

ಇನ್ನೊಂದು ಉಪಾಯದ ಬಗ್ಗೆಯೂ ಜಗಳವಿದೆ. ಎರಡು ಅಡ್ಡಸಾಲು, ಎರಡು ಕಂಬಸಾಲು, ಎರಡೇ ಚೌಕಗಳಲ್ಲಿ ಹಂಚಿಹೋದ ನಾಲ್ಕು ಮನೆಗಳಿವೆ. ಮೂರರಲ್ಲಿ 5, 7 ಮಾತ್ರ, ನಾಲ್ಕನೆಯದರಲ್ಲಿ 5, 7ರ ಜೊತೆ 3. ನಾಲ್ಕನೆಯದರಲ್ಲೂ 5 ಅಥವಾ 7 ಬಂದರೆ ಆ ಅಂಕಿಗಳನ್ನು ಅದಲುಬದಲು ಮಾಡಿ ಎರಡನೇ ಉತ್ತರ ಬರೆಯಬಹುದು. ಉತ್ತರ ಒಂದೇ ಇರಬೇಕಾದ್ದರಿಂದ ಅಲ್ಲಿ 3 ಬರಲೇಬೇಕು. ಕಟ್ಟಿದವರ ಮಾತನ್ನು ನಂಬಿ ಬಿಡಿಸುವುದು ಸರಿಯಲ್ಲ ಎಂದು ಕೆಲವರು ಇದನ್ನು ದೂರವಿಡುತ್ತಾರೆ. ಉತ್ತರ ಒಂದೇ ಎಂದು ಖಾತ್ರಿ ಇರುವ ಸುಡೊಕುವಿನಲ್ಲಿ ನಾನು ಸಂಕೋಚವಿಲ್ಲದೆ ಬಳಸುತ್ತೇನೆ. ಮನೆಯಲ್ಲಿ ಯಾರೋ ಕೈಯಿಂದ ಕಟ್ಟಿಕೊಟ್ಟಿದ್ದರಲ್ಲಿ ಮುಟ್ಟುವುದಿಲ್ಲ.

ನಿಮ್ಮ ಹಾಳೆಯನ್ನು ಇದರೊಂದಿಗೆ ವಾಪಸು ಕಳಿಸಿದ್ದೇನೆ. ಅದರಲ್ಲಿ ನಾನು ಏನೂ ಬರೆದಿಲ್ಲ. ಮೂಲೆಯಲ್ಲಿ 9 ಬರೆದ ಮೇಲೆ ಐದನೇ ಕಂಬಸಾಲನ್ನು ಮೇಲಿನಿಂದ ಓದುತ್ತಾ ಬನ್ನಿ. ಎರಡೆರಡೇ ಉಮೇದುವಾರರಿರುವ ಮನೆಗಳು ಅಲ್ಲಿ ಎರಡಿವೆ, ಎಕ್ಸ್‌ವೈ-ವಿಂಗ್‌ಗೆ ಬೇಕಾದ ಮೂರನೆಯದು ಐದನೇ ಅಡ್ಡಸಾಲಿನಲ್ಲಿದೆ. ಅಲ್ಲಿಂದ ಯಾವ ಮನೆಯ ಯಾವ ಅಂಕಿ ಅಳಿಸಿದಿರಿ ಎಂದು ಮುಂದಿನ ಕಾಗದದಲ್ಲಿ ಬರೆಯಿರಿ.

ನಿಮ್ಮ ತಮ್ಮ,
ಯರಗುಪ್ಪಿಯಿಂದ