ಎರಡು ಅಂಕಿಗಳ ನಡುವೆ

ನಿವೃತ್ತಿಯ ನಂತರ ಹಿಡಿದ ಓದಿಗೆ ಒಂದು ಕ್ರಮವೆಂಬುದಿಲ್ಲ. ಕಳೆದ ಮಳೆಗಾಲದಲ್ಲಿ, ಡೊಂಬಿವಲಿಯ ನಮ್ಮ ಮನೆಯ ಕಿಟಕಿಗೆ ಮೂರು ದಿನಗಳಿಂದ ಮಳೆ ಬಡಿಯುತ್ತಿದ್ದಾಗ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಸಂಸತ್ತಿನ ಇತಿಹಾಸದಲ್ಲಿ ಮುಳುಗಿದ್ದೆ. ಅಲ್ಲಿ ಒಂದೇ ಒಂದು ದಿನದ ಕಲಾಪ ನನ್ನನ್ನು ಹಿಡಿದು ನಿಲ್ಲಿಸಿತು. ಆ ದಿನ 1679ರ ಮೇ 27. ಹಿಡಿದು ನಿಲ್ಲಿಸಿದ್ದು ಅಂದಿನ ಭಾಷಣಗಳಲ್ಲ, ಲಾರ್ಡ್ಸ್ ಸಭೆಯ ದಾಖಲೆಯಲ್ಲಿ ಉಳಿದುಕೊಂಡಿರುವ ಎರಡು ಅಂಕಿಗಳು. ಒಂದಕ್ಕೊಂದು ತಾಳೆಯಾಗದ ಆ ಅಂಕಿಗಳು ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಿಂದ ನಾನು ಮುಚ್ಚಿಟ್ಟುಕೊಂಡಿದ್ದ ಒಂದು ಸಂಗತಿಯನ್ನು ಹೊರಗೆಳೆದವು. ಅದನ್ನು ಹೇಳುವ ಮೊದಲು ಆ ದಿನದ ಕಥೆಯನ್ನು ಹೇಳಬೇಕು.

ಆಗ ಇಂಗ್ಲೆಂಡಿನಲ್ಲಿ ಎರಡನೆಯ ಚಾರ್ಲ್ಸ್ ಆಳುತ್ತಿದ್ದ. ಬಂಧಿತನನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ, ಸೆರೆಗೆ ಕಾರಣವೇನೆಂದು ತಿಳಿಸುವಂತೆ ಆಜ್ಞಾಪಿಸುವ ಹೇಬಿಯಸ್ ಕಾರ್ಪಸ್ ಎಂಬ ನಿರೂಪ ಆ ಹೊತ್ತಿಗೆ ಹೊಸದೇನೂ ಆಗಿರಲಿಲ್ಲ. ಆದರೆ ಅದಕ್ಕೆ ತೂತುಗಳು ಬಹಳ. ನ್ಯಾಯಾಲಯಕ್ಕೆ ರಜೆಯಿದ್ದರೆ ನಿರೂಪ ಕೊಡುವವರಿಲ್ಲ. ಕೊಟ್ಟರೂ ಸೆರೆಮನೆಯ ಅಧಿಕಾರಿ ಮೊದಲನೆಯದಕ್ಕೆ ಓಗೊಡದೆ ಎರಡನೆಯದಕ್ಕೆ, ಮೂರನೆಯದಕ್ಕೆ ಕಾಯಬಹುದಿತ್ತು. ಬಂದಿಯನ್ನು ಸಮುದ್ರದಾಚೆಯ ದ್ವೀಪಕ್ಕೆ ಸಾಗಿಸಿಬಿಟ್ಟರೆ ನಿರೂಪ ಅಲ್ಲಿಗೆ ಮುಟ್ಟುತ್ತಲೇ ಇರಲಿಲ್ಲ. 1676ರಲ್ಲಿ ಫ್ರಾನ್ಸಿಸ್ ಜೆಂಕ್ಸ್ ಎಂಬ ಲಂಡನ್ ವರ್ತಕ, ಹೊಸ ಸಂಸತ್ತನ್ನು ಕರೆಯಬೇಕೆಂದು ನಗರದ ಸಭೆಯಲ್ಲಿ ಮಾತನಾಡಿದ್ದಕ್ಕಾಗಿ ಸೆರೆಗೆ ಬಿದ್ದ. ನ್ಯಾಯಾಲಯದ ರಜೆಯ ನೆವದಲ್ಲಿ ಅವನಿಗೆ ಬಿಡುಗಡೆ ಸಿಗದೆ ಹೋಯಿತು. ಹೊಸ ಮಸೂದೆಯ ಬೆನ್ನಿಗೆ ನಿಂತ ಶಾಫ್ಟ್ಸ್‌ಬರಿಯ ಅರ್ಲ್ ಕೂಡ ಲಂಡನ್ ಟವರಿನಲ್ಲಿ ಒಂದು ವರ್ಷದಷ್ಟು ಕಾಲ ಬಂದಿಯಾಗಿದ್ದವನೇ. ಬೀಗದ ಒಳಬದಿಯನ್ನು ಕಂಡವನಿಗೆ ಬೀಗದ ಕಾನೂನಿನ ಬೆಲೆ ಗೊತ್ತಿರುತ್ತದೆ.

ಆ ಮಸೂದೆಯಲ್ಲಿ ಸ್ವಾತಂತ್ರ್ಯದ ಬಗ್ಗೆ ದೊಡ್ಡ ಮಾತುಗಳಿಗಿಂತ ಮೈಲಿ, ದಿನ, ಪೌಂಡುಗಳ ಲೆಕ್ಕವೇ ಹೆಚ್ಚು. ಇಪ್ಪತ್ತು ಮೈಲಿಯೊಳಗಿದ್ದರೆ 3 ದಿನಗಳಲ್ಲಿ, ನೂರು ಮೈಲಿಯೊಳಗಿದ್ದರೆ 10 ದಿನಗಳಲ್ಲಿ, ಅದಕ್ಕೂ ಆಚೆಯಾದರೆ 20 ದಿನಗಳಲ್ಲಿ ಬಂದಿಯನ್ನು ಹಾಜರುಪಡಿಸಬೇಕು. ಕೇಳಿದ 6 ಗಂಟೆಗಳೊಳಗೆ ಬಂಧನದ ವಾರಂಟಿನ ಪ್ರತಿ ಅವನ ಕೈಸೇರಬೇಕು. ತಪ್ಪಿದ ಅಧಿಕಾರಿ ಮೊದಲ ಸಲಕ್ಕೆ 100 ಪೌಂಡು, ಮುಂದಿನ ಸಲಕ್ಕೆ 200 ಪೌಂಡು ತೆರಬೇಕು. ಆ ಹಣ ಹೋಗುವುದು ಬಂದಿಗೇ. ರಜೆಯಲ್ಲಿ ನಿರೂಪ ಕೊಡಲೊಪ್ಪದ ನ್ಯಾಯಾಧೀಶನಿಗೂ 500 ಪೌಂಡು ದಂಡ! ಒಳ್ಳೆಯತನವನ್ನು ನಂಬದೆ ಲೆಕ್ಕವನ್ನು ಮಾತ್ರ ನಂಬಿದ ಕಾನೂನು ಅದು.

ಕಾಮನ್ಸ್ ಸಭೆ ಒಪ್ಪಿದ್ದ ಮಸೂದೆಗೆ ಲಾರ್ಡ್ಸ್ ಸಭೆ ತಿದ್ದುಪಡಿಗಳನ್ನು ಸೇರಿಸಿತ್ತು. ಎರಡೂ ಸಭೆಗಳ ನಡುವೆ ಸಂಧಾನದ ಮಾತುಕತೆಗಳು ನಡೆದಿದ್ದವು. ಅಷ್ಟರಲ್ಲಿ ಬೇರೊಂದು ಬೆಂಕಿ ಹತ್ತಿಕೊಂಡಿತ್ತು. ದೊರೆಯ ಕ್ಯಾಥೊಲಿಕ್ ತಮ್ಮ ಜೇಮ್ಸ್ ಪಟ್ಟಕ್ಕೆ ಬರಬಾರದೆಂಬ ಮಸೂದೆಯನ್ನು ಮೇ 21ರಂದು ಕಾಮನ್ಸ್ ಸಭೆ ಎರಡನೆಯ ವಾಚನದಲ್ಲಿ ಒಪ್ಪಿಬಿಟ್ಟಿತ್ತು. ಕುಪಿತನಾದ ದೊರೆ 27ರಂದು ಅಧಿವೇಶನವನ್ನು ಮುಗಿಸಲು ಬಂದ. ಅಧಿವೇಶನ ಮುಗಿದರೆ ಅಪೂರ್ಣ ಮಸೂದೆಗಳೆಲ್ಲ ಸತ್ತಂತೆ. ಆ ಬೆಳಿಗ್ಗೆ ಲಾರ್ಡ್ಸ್ ಸಭೆಯ ಮುಂದಿದ್ದ ಪ್ರಶ್ನೆ ಚಿಕ್ಕದು: ಕಾಮನ್ಸ್ ಸಭೆಯೊಡನೆ ಇನ್ನೊಮ್ಮೆ ಮಾತುಕತೆಗೆ ಕೂಡಬೇಕೇ, ಬೇಡವೇ? ಬೇಡವೆಂದಿದ್ದರೆ ಮಸೂದೆಯ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಮತ ಹಾಕಲಾಯಿತು. ಪರ 57, ವಿರೋಧ 55. ಮಾತುಕತೆ ನಡೆಯಿತು, ಲಾರ್ಡರು ಒಪ್ಪಿದರು, ಅದೇ ದಿನ ದೊರೆಯ ಅಂಕಿತವೂ ಬಿತ್ತು. ಸಂಸತ್ತು ಚದುರಿತು.

ಇನ್ನು ಮತ ಎಣಿಸಿದ ಕಥೆ. ಆ ಕಾಲದವನೇ ಆದ ಗಿಲ್ಬರ್ಟ್ ಬರ್ನೆಟ್ ಇದನ್ನು ಬರೆದಿಟ್ಟಿದ್ದಾನೆ. ಎಣಿಸುವವರು ಇಬ್ಬರು: ಪರ ಪಕ್ಷದಿಂದ ಲಾರ್ಡ್ ಗ್ರೇ, ವಿರೋಧ ಪಕ್ಷದಿಂದ ಲಾರ್ಡ್ ನಾರಿಸ್. ನಾರಿಸ್‌ಗೆ ಮನಸ್ಸು ಎಲ್ಲೆಲ್ಲೋ ಅಲೆಯುವ ಅಭ್ಯಾಸ. ಬಲು ದಢೂತಿಯಾದ ಲಾರ್ಡನೊಬ್ಬ ಎದುರಿಗೆ ಬಂದಾಗ ಗ್ರೇ ತಮಾಷೆಗೆಂದು ಅವನೊಬ್ಬನನ್ನೇ ಹತ್ತು ಎಂದು ಎಣಿಸಿದ. ಜೊತೆಯವನು ನಗಲಿಲ್ಲ, ಏಕೆಂದರೆ ಅವನು ಗಮನಿಸಿಯೇ ಇರಲಿಲ್ಲ. ಆಗ ಗ್ರೇ ತಿದ್ದದೆ ಹನ್ನೊಂದು, ಹನ್ನೆರಡು ಎಂದು ಮುಂದುವರಿದ. ಫಲಿತಾಂಶ ಕೇಳಿ ಎದುರಾಳಿಗಳು ದಿಗ್ಭ್ರಮೆಗೊಂಡಾಗ ಶಾಫ್ಟ್ಸ್‌ಬರಿ ಎದ್ದು ನಿಂತು ಬೇರಾವುದೋ ವಿಷಯದ ಮೇಲೆ ಗಂಟೆಯವರೆಗೆ ಮಾತನಾಡಿದನೆಂದೂ, ಅಷ್ಟರಲ್ಲಿ ಹಲವರು ಒಳಹೊರಗೆ ಓಡಾಡಿ ಮರುಎಣಿಕೆ ಅಸಾಧ್ಯವಾಯಿತೆಂದೂ ಇನ್ನೊಂದು ಕಥನವಿದೆ.

ಇದು ಹರಟೆಯೆಂದು ತಳ್ಳಿಹಾಕಲು ಅಡ್ಡಬರುವುದು ಆ ಅಂಕಿಗಳು. 57 ಮತ್ತು 55 ಕೂಡಿದರೆ 112. ಆ ದಿನದ ಹಾಜರಿಯಲ್ಲಿರುವ ಹೆಸರುಗಳು 107. ಐದು ಮತ ಹೆಚ್ಚು. ಹಾಗೆಂದು ಬರ್ನೆಟ್ಟನ ಕಥೆಗೂ ಲೆಕ್ಕ ಸರಿಹೊಂದುವುದಿಲ್ಲ. ಒಬ್ಬನನ್ನು ಹತ್ತು ಮಾಡಿದರೆ ಒಂಬತ್ತು ಹೆಚ್ಚಾಗಬೇಕು, ಐದಲ್ಲ. ತಡವಾಗಿ ಬಂದ ಕೆಲವರ ಹೆಸರು ಪಟ್ಟಿಗೆ ಸೇರದೆ ಹೋಗಿರಲೂಬಹುದು. ಸತ್ಯ ಆ ಎರಡು ಅಂಕಿಗಳ ನಡುವೆ ಎಲ್ಲೋ ಕೂತಿದೆ.

ಈಗ ನನ್ನ ಸಂಗತಿ. 1998ರಲ್ಲಿ ನಾನು ಇಲ್ಲಿಯ ಒಂದು ಸಣ್ಣ ಕನ್ನಡ ಸಂಘದ ಕಾರ್ಯದರ್ಶಿಯಾಗಿದ್ದೆ. ಸಂಘಕ್ಕೆ ಇದ್ದದ್ದು ಎರಡೇ ಕೋಣೆ. ಒಂದರಲ್ಲಿ ಪುಸ್ತಕ ಭಂಡಾರ. ಭಾನುವಾರ ಬೆಳಿಗ್ಗೆ ಅಲ್ಲಿಯೇ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆವು. ಆ ಕೋಣೆಯನ್ನು ಟ್ಯೂಷನ್ ಕ್ಲಾಸಿನವರಿಗೆ ಬಾಡಿಗೆಗೆ ಕೊಡಬೇಕೆಂಬ ಸೂಚನೆ ವಾರ್ಷಿಕ ಸಭೆಯ ಮುಂದೆ ಬಂತು. ಸೂಚಿಸಿದವರು ನಮ್ಮ ಖಜಾಂಚಿ ರಾಯರು. ಅವರೇನೂ ಕನ್ನಡದ ವೈರಿಯಲ್ಲ. ಛಾವಣಿ ಸೋರುತ್ತಿತ್ತು, ಸಂಘದ ಬಳಿ ಹಣವಿರಲಿಲ್ಲ. "ಮಾಡು ಉಳಿದರೆ ತಾನೇ ಮನೆ, ಮಾಸ್ತರರೇ?" ಎಂದು ಅವರು ಕೇಳಿದ್ದರು. ನನ್ನ ಬಳಿ ಉತ್ತರವಿರಲಿಲ್ಲ.

ಕೈಯೆತ್ತಿಸಿ ಎಣಿಸುವ ಕೆಲಸ ನನ್ನದು. ಕೋಣೆ ಭಂಡಾರಕ್ಕೇ ಇರಲಿ ಎನ್ನುವವರನ್ನು ಮುಂದಿನ ಸಾಲಿನಿಂದ ಎಣಿಸುತ್ತ ಬಂದೆ. ಮುಂದೆ ಕೂತಿದ್ದ ವೃದ್ಧ ದಂಪತಿಗಳು, ಸೆಕೆ ತಾಳಲಾರದೆ, ನಾನು ಅವರನ್ನು ದಾಟಿದ ಮೇಲೆ ಎದ್ದು ಹಿಂದಿನ ಸಾಲಿನ ಫ್ಯಾನಿನ ಕೆಳಗೆ ಹೋಗಿ ಕೂತರು. ಎತ್ತಿದ ಕೈಯನ್ನು ಇಳಿಸಿರಲಿಲ್ಲ. ನಾನು ಅಲ್ಲಿಗೆ ಮುಟ್ಟಿ ಅವರನ್ನು ಮತ್ತೆ ಎಣಿಸಿದೆ. ನಾಲಿಗೆ ಸಂಖ್ಯೆಯನ್ನು ಉಚ್ಚರಿಸಿದ ಮರುಕ್ಷಣವೇ ತಪ್ಪಿನ ಅರಿವಾಯಿತು. ರಾಯರ ಮುಖ ನೋಡಿದೆ. ಅವರು ತಲೆತಗ್ಗಿಸಿ ಬರೆದುಕೊಳ್ಳುತ್ತಿದ್ದರು. ನಾನು ನಿಲ್ಲಲಿಲ್ಲ. ಪರ 22, ವಿರೋಧ 21. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದ್ದವರು 41. ನಡಾವಳಿಯಲ್ಲಿ ನಾನು ಅಂಕಿಗಳನ್ನೇ ಬರೆಯಲಿಲ್ಲ. 'ಬಹುಮತದಿಂದ ನಿರ್ಣಯಿಸಲಾಯಿತು' ಎಂದಷ್ಟೇ ಬರೆದೆ.

ಭಂಡಾರ ಉಳಿಯಿತು. ಅಲ್ಲಿ ಅ ಆ ಇ ಈ ತಿದ್ದಿದ ಮಕ್ಕಳಲ್ಲಿ ಒಬ್ಬಳು ಇಂದು ಅದೇ ಕೋಣೆಯಲ್ಲಿ ಮಕ್ಕಳಿಗೆ ಕಲಿಸುತ್ತಾಳೆ. ಇದನ್ನು ಹೇಳಿ ನಿಲ್ಲಿಸಿದರೆ ನಾನು ಗೆದ್ದಂತೆ. ಆದರೆ ಮುಂದಿನ ಮಳೆಗಾಲದಲ್ಲಿ ಛಾವಣಿಯಿಂದ ನೀರಿಳಿದು ಗೋಡೆಬದಿಯ ಒಂದಿಡೀ ಕಪಾಟು ನೆನೆದು ಬೂಸ್ಟು ಹಿಡಿಯಿತು. ಮತ್ತೆ ಸಿಗದ ಹಳೆಯ ಕಾದಂಬರಿಗಳನ್ನು ರಾಯರೇ ಮುಂದೆ ನಿಂತು ಬಿಸಿಲಿಗೆ ಹರಡಿದರು. ಒಂದು ಮಾತೂ ಆಡಲಿಲ್ಲ. ಅವರು ಈಗಿಲ್ಲ.

ಹೀಗಾಗಿ ಲಾರ್ಡ್ ಗ್ರೇಯ ಕಥೆ ಓದಿದಾಗ ಮೊದಲು ಮೂಡಿದ್ದು ನಗುವಲ್ಲ, ಸಮಾಧಾನ. ಲೋಕದ ದೊಡ್ಡ ಕಾನೂನುಗಳಲ್ಲೊಂದು ಎಣಿಕೆಯ ತಪ್ಪಿನಿಂದ ಹುಟ್ಟಿರಬಹುದಾದರೆ ನನ್ನದೇನು ಮಹಾ ಅಪರಾಧ? ಆದರೆ ಆ ಸಮಾಧಾನ ಬಹಳ ಹೊತ್ತು ನಿಲ್ಲಲಿಲ್ಲ. ನಮ್ಮ ದೇಶದ ಇನ್ನೊಂದು ಎಣಿಕೆ ನೆನಪಾಯಿತು. 1976ರ ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದವರು ಹೇಬಿಯಸ್ ಕಾರ್ಪಸ್ ಕೇಳುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ಕೇಳಬಹುದೆಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಅಲ್ಲಿ ಎಣಿಕೆ ತಪ್ಪಿರಲಿಲ್ಲ. ನಾಲ್ಕು, ಒಂದು, ಕೂಡಿದರೆ ಐದು. ಲೆಕ್ಕ ಸರಿಯಿತ್ತು, ನ್ಯಾಯ ಸೋತಿತ್ತು. ಆ ತೀರ್ಪನ್ನು ಸುಪ್ರೀಂ ಕೋರ್ಟು ಸ್ಪಷ್ಟ ಮಾತುಗಳಲ್ಲಿ ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಕೊಟ್ಟ ತೀರ್ಪಿನಲ್ಲಿ. 1976ರ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡರ ನಿರ್ಣಯವನ್ನು ತಪ್ಪೆಂದು ಬರೆದವರಲ್ಲಿ ಅವರ ಮಗನೂ ಇದ್ದರು.

ಇದರಿಂದ ನನಗೆ ತೋರಿದ್ದು ಇಷ್ಟು. 1679ರ ಕಾನೂನು ಬದುಕಿದ್ದು ಆ ಬೆಳಗಿನ ಎರಡು ಮತಗಳ ಅಂತರದಿಂದಲ್ಲ. ಸೆರೆಯಲ್ಲಿ ಕುಳಿತು ಅದನ್ನು ಕೇಳಿ ಪಡೆದ ಬಂದಿಗಳಿಂದ, ಅವರಿಗಾಗಿ ವಾದಿಸಿದವರಿಂದ, ಸೋಲುವ ಪಕ್ಷದಲ್ಲಿ ಒಬ್ಬನೇ ನಿಂತು ತನ್ನ ಭಿನ್ನಮತವನ್ನು ಬರೆದವರಿಂದ. ನಮ್ಮ ಭಂಡಾರವೂ ನನ್ನ ಕಳ್ಳಲೆಕ್ಕದಿಂದ ಬದುಕಲಿಲ್ಲ. ಭಾನುವಾರ ಬಾಗಿಲು ತೆರೆದವರಿಂದ, ನೆನೆದ ಪುಸ್ತಕಗಳನ್ನು ಒಣಗಿಸಿದ ರಾಯರಿಂದ ಬದುಕಿತು. ಅಂದ ಮೇಲೆ ನನ್ನ ತಪ್ಪಿಗೆ ಅದರ ಪುಣ್ಯದಲ್ಲಿ ಪಾಲಿಲ್ಲ. ತಪ್ಪು ತಪ್ಪಾಗಿಯೇ ಉಳಿಯಿತು. ಸೋತ ಇಪ್ಪತ್ತೊಂದು ಜನರಿಗೆ ತಾವು ಗೆದ್ದಿದ್ದೆವೆಂಬುದೇ ತಿಳಿಯಲಿಲ್ಲ.

ಆ ದಿನದ ಕಲಾಪದಲ್ಲಿ ಈಗ ನನಗೆ ಪ್ರಿಯನಾದವನು ಗ್ರೇಯೂ ಅಲ್ಲ, ಶಾಫ್ಟ್ಸ್‌ಬರಿಯೂ ಅಲ್ಲ, ದಾಖಲೆ ಬರೆದ ಗುಮಾಸ್ತ. ಅವನು ಹಾಜರಿಯನ್ನೂ ಬರೆದ, ಮತಗಳನ್ನೂ ಬರೆದ. ಒಂದಕ್ಕೊಂದು ಹೊಂದಿಸುವ ಗೋಜಿಗೆ ಹೋಗಲಿಲ್ಲ. ಮುನ್ನೂರು ನಲವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಡೊಂಬಿವಲಿಯಲ್ಲಿ ಕುಳಿತ ಒಬ್ಬ ಮುದುಕ ಪ್ರಶ್ನೆ ಕೇಳಲು ಸಾಧ್ಯವಾದದ್ದು ಅದರಿಂದ.

ಹೋದ ಭಾನುವಾರ ಸಂಘಕ್ಕೆ ಹೋಗಿ 1998ರ ನಡಾವಳಿ ಪುಸ್ತಕವನ್ನು ಕೇಳಿ ಪಡೆದೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಕಾಗುಣಿತ ಹೇಳುತ್ತಿದ್ದರು. ಆ ನಿರ್ಣಯದ ಕೆಳಗೆ, ಈಗಿನ ಕಾರ್ಯದರ್ಶಿಯ ಎದುರಿನಲ್ಲೇ, ಇಂದಿನ ತಾರೀಖು ಹಾಕಿ ಬರೆದೆ: ಹಾಜರಿ 41. ಎಣಿಸಿದ ಮತ 43. ಇಬ್ಬರನ್ನು ಎರಡು ಸಲ ಎಣಿಸಿದವನು ನಾನು. ಕೆಳಗೆ ಸಹಿ ಮಾಡಿದೆ. ಓದಿದ ಆ ತರುಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನು ಮುಂದಿನ ಸಭೆಯಲ್ಲಿ ಓದಬೇಕೇ, ಸರ್?" ಎಂದು ಕೇಳಿದ.

ಓದಬೇಕು ಎಂದೆ. ಆ ಸಭೆಗೆ ನಾನೂ ಹೋಗುವವನಿದ್ದೇನೆ.